ಕೋಟೆಗೋಡೆಯಲ್ಲಿ ಕೊರೆದ ಬಂಡಿ

ರಾಯಚೂರು ಕೋಟೆಯ ಒಳಸುತ್ತಿನ ಪಡುವಣ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ, ನಡುವೆ ಎಲ್ಲಿಯೂ ಕೂಡುಗೆರೆಯಿಲ್ಲದ ಒಂದೇ ಕಲ್ಲು ಅಡ್ಡಲಾಗಿ ಕುಳಿತಿದೆ. ಅದರ ಮೈಮೇಲೆ ಶಕವರ್ಷ 1216ರ, ಎಂದರೆ ಕ್ರಿ.ಶ. 1294ರ, ತೆಲುಗು ಶಾಸನವಿದೆ. ಶಾಸನದ ಸನಿಹದಲ್ಲೇ ಗೋಡೆಯ ಕಲ್ಲುಗಳ ಮೇಲೆ ಇನ್ನೊಂದು ಕೆತ್ತನೆಯಿದ್ದು, ಅದು ಹಿನ್ನೆಲೆಯನ್ನು ಕಡಿದು ಆಕೃತಿಗಳನ್ನು ಮುಂದಕ್ಕೆ ತಂದ ಉಬ್ಬುಶಿಲ್ಪವಲ್ಲ, ಉಳಿಯ ಮೊನೆಯಿಂದ ಗೆರೆಗಳನ್ನಷ್ಟೇ ಕೊರೆದು ಬಿಡಿಸಿದ ಚಿತ್ರ. ತಗ್ಗಾದ ಬಂಡಿಯೊಂದರ ಮೇಲೆ ಉದ್ದನೆಯ ಕಲ್ಲನ್ನು ಹೇರಲಾಗಿದೆ. ಬಂಡಿಯ ಗಾಲಿಗಳು ಅರಗಳಿಲ್ಲದ ಗಟ್ಟಿ ಗಾಲಿಗಳು. ಮುಂದೆ ನೊಗಕ್ಕೆ ಹೂಡಿದ ಕೋಣಗಳ ಉದ್ದನೆಯ ಸಾಲು, ಅವುಗಳನ್ನು ಹುರಿದುಂಬಿಸಿ ಹೊಡೆಯುವ ಆಳುಗಳು, ಗಾಲಿಗೆ ಸನ್ನೆಗೋಲು ಕೊಟ್ಟು ಬಂಡಿಯನ್ನು ಮುಂದಕ್ಕೆ ಒತ್ತುವ ಆಳುಗಳು. ಸನ್ನೆಗೋಲು ಎಂದರೆ ಒಂದು ತುದಿಯನ್ನು ಭಾರದ ಅಡಿಗೆ ತೂರಿಸಿ ಇನ್ನೊಂದು ತುದಿಯನ್ನು ಅದುಮಿ ಭಾರವನ್ನು ಕದಲಿಸುವ ದಪ್ಪನೆಯ ಗಳು. ಶಾಸನವನ್ನು ಹೊತ್ತಿರುವ ಕಲ್ಲು ಕೋಟೆಗೆ ಬಂದ ಬಗೆಯನ್ನೇ ಈ ಚಿತ್ರ ತೋರಿಸುತ್ತದೆ ಎಂದು ತಿಳಿಯಲಾಗಿದೆ. ಆದರೆ ಜಿಲ್ಲೆಯ ವಿವರಣಾ ಗ್ರಂಥಗಳು ಕೋಟೆಯ ಅಗಸೆಗಳನ್ನೂ ಅಳತೆಗಳನ್ನೂ ವರ್ಣಿಸುವ ನಡುವೆ ಇದನ್ನೊಂದು ಕೌತುಕವೆಂಬಂತೆ ಹೇಳಿ ಮುಂದೆ ಸಾಗುವುದರಿಂದ, ಇದು ಯುದ್ಧಕಾಲದ ಚಿತ್ರ ಎಂಬ ಮಾತು ಬಹುಮಟ್ಟಿಗೆ ಮರೆಯಲ್ಲೇ ಉಳಿದಿದೆ.

ಚಿತ್ರದ ಹಿಂದಿನ ಯುದ್ಧವನ್ನು ತಿಳಿಯಲು ಮೊದಲು ಅದು ನಡೆದ ನೆಲವನ್ನು ನೋಡಬೇಕು. ಬಡಗಣದಲ್ಲಿ ಕೃಷ್ಣೆ, ತೆಂಕಣದಲ್ಲಿ ತುಂಗಭದ್ರೆ, ಇವೆರಡರ ನಡುವೆ ಬೆಣೆಯಂತೆ ಚಾಚಿಕೊಂಡ ನಾಡನ್ನು ಇತಿಹಾಸಕಾರರು ರಾಯಚೂರು ದೋಆಬ್ ಎನ್ನುತ್ತಾರೆ. ದೋಆಬ್ ಎಂಬುದು ಎರಡು ನೀರುಗಳ ನಡುವಿನ ನೆಲಕ್ಕೆ ಪಾರಸಿಯ ಹೆಸರು. ಅದಕ್ಕಿಂತ ಹಳೆಯ ಕನ್ನಡ ಶಾಸನಗಳು ಈ ಸೀಮೆಯನ್ನು ಎಡೆದೊರೆ ನಾಡು, ಎಡೆದೊರೆ ಎರಡು ಸಾವಿರ ಎಂದು ಕರೆದಿವೆ. ಇಂದಿನ ಸಿಂಧನೂರು, ಮಾನ್ವಿ, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳು ಈ ನೆಲದ ಮೇಲೆಯೇ ಹರಡಿವೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದು ಸಿಂಧನೂರಿನ ಹೊಲಗಳು ಭತ್ತದ ಗದ್ದೆಗಳಾದದ್ದು 20ನೆಯ ಶತಮಾನದ ನಡುವಿನ ನಂತರದ ಮಾತು. ಅದಕ್ಕೂ ಮೊದಲು ಇದು ಎರೆಮಣ್ಣಿನ, ಜೋಳದ, ಮಳೆಯನ್ನೇ ನಂಬಿದ ಬಯಲಾಗಿತ್ತು, ಅದರ ನಡುನಡುವೆ ಬೋಳು ಗುಂಡುಕಲ್ಲುಗಳ ಗುಡ್ಡಗಳು ಎದ್ದು ನಿಂತಿದ್ದವು. ಬಯಲು ದಂಡಿಗೆ ಮೇವು, ಕಾಳು ಕೊಡುತ್ತಿತ್ತು, ಗುಡ್ಡ ಕೋಟೆಗೆ ಕಲ್ಲು ಕೊಡುತ್ತಿತ್ತು. ಇದರ ಜೊತೆಗೆ ಇಲ್ಲಿ ಚಿನ್ನದ ಅದಿರೂ ಇತ್ತು, ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಈಗಲೂ ಗಣಿಗಾರಿಕೆ ನಡೆಯುತ್ತಿದೆ.

ಹೀಗಾಗಿ ಈ ನಾಡು ಯಾವ ಕಾಲದಲ್ಲೂ ಒಬ್ಬನೇ ಒಡೆಯನ ಕೈಯಲ್ಲಿ ನೆಮ್ಮದಿಯಿಂದ ಇದ್ದದ್ದಿಲ್ಲ. ಚೋಳ ರಾಜೇಂದ್ರನು ತಾನು ಗೆದ್ದ ನಾಡುಗಳ ಪಟ್ಟಿಯಲ್ಲಿ ಎಡೆದೊರೆಯನ್ನೂ ಹೇಳಿಕೊಂಡಿದ್ದಾನೆ. ಸುಮಾರು 1021ರಲ್ಲಿ ಚಾಲುಕ್ಯ ಇಮ್ಮಡಿ ಜಯಸಿಂಹನು ಮುಸಂಗಿಯಲ್ಲಿ ತನಗೆ ಬೆನ್ನು ತೋರಿಸಿ ಓಡಿದನೆಂದು ರಾಜೇಂದ್ರನ ಪ್ರಶಸ್ತಿ, ಎಂದರೆ ಶಾಸನದ ಮೊದಲಿಗೆ ಬರುವ ಬಿರುದು ಬಾವಲಿಗಳ ಹೊಗಳಿಕೆ, ಸಾರುತ್ತದೆ. ಆ ಮುಸಂಗಿ ಇಂದಿನ ಮಸ್ಕಿಯೇ ಎಂದು ಅನೇಕ ವಿದ್ವಾಂಸರು ಗುರುತಿಸಿದ್ದಾರೆ, ಏಕೆಂದರೆ ಮಸ್ಕಿಯಲ್ಲಿ ದೊರೆತ ಮಧ್ಯಕಾಲದ ಶಾಸನಗಳಲ್ಲಿ ಊರಿನ ಹೆಸರು ಮೊಸಂಗಿ ಎಂದೇ ಇದೆ. ಉಚ್ಚಂಗಿದುರ್ಗವನ್ನು ಹೇಳುವವರೂ ಇದ್ದಾರೆ. ಇದೇ ಮಸ್ಕಿಯ ಗುಡ್ಡದಲ್ಲಿ ನಿಜಾಮ್ ಸರಕಾರದ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಅಶೋಕನ ಶಾಸನವನ್ನು ಪತ್ತೆ ಮಾಡಿದ, ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕನ ಹೆಸರನ್ನೂ ಹೇಳಿದ ಮೊದಲ ಶಾಸನವಾಗಿ ಅದು ಹೆಸರಾಯಿತು. ಚಿನ್ನವನ್ನು ಹುಡುಕಹೋದವನಿಗೆ ಚಕ್ರವರ್ತಿ ಸಿಕ್ಕ ಈ ಪ್ರಸಂಗ ದೋಆಬಿನ ಇತಿಹಾಸ ಬೆಳಕಿಗೆ ಬಂದ ರೀತಿಗೆ ತಕ್ಕದ್ದೇ. ಇಲ್ಲಿನ ದಾಖಲೆಗಳೆಲ್ಲ ಓಲೆಗರಿಗಿಂತ ಹೆಚ್ಚಾಗಿ ಬಂಡೆಗಲ್ಲುಗಳ ಮೇಲಿವೆ.

ರಾಯಚೂರಿನ 41 ಅಡಿಯ ಕಲ್ಲು ಹೇಳುವ ಸಂಗತಿ ಸ್ಪಷ್ಟವಾಗಿದೆ. ಕಾಕತೀಯರ ಅಧೀನದಲ್ಲಿದ್ದ ಗೋನ ಗನ್ನಾರೆಡ್ಡಿಯ ದಳಪತಿಯಾದ ವಿಠ್ಠಲನೆಂಬವನು ಆದವಾನಿ, ತುಂಬುಳ, ಮಾನುವ, ಹಾಲುವ ಎಂಬ ಕೋಟೆಗಳನ್ನು ಹಿಡಿದು, ಬಳಿಕ ರಾಯಚೂರನ್ನು ಹೊಕ್ಕು, ಊರಿನ ರಕ್ಷಣೆಗಾಗಿ ಬಲವಾದ ಕೋಟೆಗೋಡೆಯನ್ನು ಕಟ್ಟಿಸಿದನು. ಆದವಾನಿ ಎಂದರೆ ಇಂದಿನ ಆಂಧ್ರದ ಆದೋನಿ, ತುಂಬುಳ ಅದರ ನೆರೆಯಲ್ಲೇ ಇರುವ ಊರು, ಮಾನುವ ಎಂದರೆ ಮಾನ್ವಿ. ಹೆಸರುಗಳನ್ನು ಭೂಪಟದ ಮೇಲೆ ಇಟ್ಟು ನೋಡಿದರೆ ದಂಡು ಸಾಗಿದ ದಿಕ್ಕು ತಾನಾಗಿ ತೋರುತ್ತದೆ: ತುಂಗಭದ್ರೆಯ ದಕ್ಷಿಣದಲ್ಲಿ ಮೊದಲು ಕಾಲೂರಿ, ಹೊಳೆ ದಾಟಿ, ಸಿಂಧನೂರಿನಿಂದ ರಾಯಚೂರಿಗೆ ಹೋಗುವ ಇಂದಿನ ಹೆದ್ದಾರಿಯ ಮೇಲೆಯೇ ಇರುವ ಮಾನ್ವಿಯನ್ನು ಹಿಡಿದು, ಅಲ್ಲಿಂದ ಈಶಾನ್ಯಕ್ಕೆ ತಿರುಗಿ ರಾಯಚೂರನ್ನು ತಲುಪಿದ ದಾರಿಯದು. ಗೋನ ಮನೆತನದವರು ಇಂದಿನ ತೆಲಂಗಾಣದ ಮಹಬೂಬನಗರ ಸೀಮೆಯ ವರ್ಧಮಾನಪುರದಿಂದ ಆಳುತ್ತಿದ್ದ ಸಾಮಂತರು. ತೆಲುಗಿನ ರಂಗನಾಥ ರಾಮಾಯಣದ ಕವಿ ಗೋನ ಬುದ್ಧಾರೆಡ್ಡಿ ಇದೇ ಮನೆತನದವನು.

ಆದರೆ ಈ ಯುದ್ಧ ಯಾವ ದೊರೆಯ ಕಾಲದ್ದು ಎಂಬ ವಿಷಯದಲ್ಲಿ ಹಳೆಯ ಪುಸ್ತಕಗಳು ಓದುಗರನ್ನು ದಾರಿ ತಪ್ಪಿಸುತ್ತವೆ. ರಾಯಚೂರು ಕೋಟೆಯನ್ನು ಕಾಕತೀಯ ರಾಣಿ ರುದ್ರಮದೇವಿ ಕಟ್ಟಿಸಿದಳೆಂದು ಗ್ಯಾಸೆಟಿಯರುಗಳಲ್ಲೂ ಪ್ರವಾಸಿ ಕೈಪಿಡಿಗಳಲ್ಲೂ ಬರೆಯಲಾಗಿದೆ, ಇಂದಿಗೂ ಬರೆಯಲಾಗುತ್ತಿದೆ. ನಲ್ಗೊಂಡ ಜಿಲ್ಲೆಯ ಚಂದುಪಟ್ಲದಲ್ಲಿ ದೊರೆತ 1289ರ ಶಾಸನವೊಂದು ರುದ್ರಮದೇವಿಯೂ ಅವಳ ಸೇನಾನಿ ಮಲ್ಲಿಕಾರ್ಜುನ ನಾಯಕನೂ ತೀರಿಕೊಂಡ ಸಂಗತಿಯನ್ನು ಹೇಳಿ, ಅವರಿಗೆ ಪುಣ್ಯವಾಗಲೆಂದು ದಾನ ಬಿಟ್ಟದ್ದನ್ನು ದಾಖಲಿಸುತ್ತದೆ. ಆ ಶಾಸನ ಓದಿಗೆ ಸಿಕ್ಕ ಮೇಲೆ 1294ರ ಗೋಡೆಯನ್ನು ರಾಣಿಯ ಆಳ್ವಿಕೆಗೆ ಸೇರಿಸಲು ಬರುವುದಿಲ್ಲ. ಗೋಡೆ ಎದ್ದಾಗ ಕಾಕತೀಯರ ರಾಜಧಾನಿ ಓರುಗಲ್ಲಿನ ಗದ್ದುಗೆಯ ಮೇಲಿದ್ದವನು ಅವಳ ಮೊಮ್ಮಗ ಪ್ರತಾಪರುದ್ರ. ಒಂದು ಹೊಸ ಕಲ್ಲು ಸಿಕ್ಕಾಗ ಇನ್ನೊಂದು ಹಳೆಯ ಕಲ್ಲಿನ ಅರ್ಥ ಬದಲಾಗುವುದು ಶಾಸನಶಾಸ್ತ್ರದಲ್ಲಿ ಹೊಸದಲ್ಲ, ಬದಲಾದ ಅರ್ಥ ಕೈಪಿಡಿಗಳಿಗೆ ತಲುಪದೇ ಉಳಿಯುವುದೂ ಹೊಸದಲ್ಲ.

ವಿಠ್ಠಲನು ಈ ನೆಲವನ್ನು ಕಿತ್ತುಕೊಂಡದ್ದು ದೇವಗಿರಿಯ ಸೇವುಣರಿಂದ. ಸೇವುಣರು ಎಂದರೆ ಯಾದವರೆಂದೂ ಹೆಸರಾದ, ಇಂದಿನ ದೌಲತಾಬಾದಿನಿಂದ ಆಳಿದ, ಕನ್ನಡ ಮತ್ತು ಮರಾಠಿ ಎರಡೂ ನಾಡುಗಳ ಮೇಲೆ ಹಿಡಿತವಿದ್ದ ಅರಸು ಮನೆತನ. 13ನೆಯ ಶತಮಾನದ ನಡುವಿನಲ್ಲಿ ಲಿಂಗಸುಗೂರಿಗೆ ಹತ್ತು ಮೈಲಿ ದೂರದ ಮುದಗಲ್ಲು ಸೇವುಣರ ಅಧಿಕಾರಿಯೊಬ್ಬನ ನೆಲೆಯಾಗಿತ್ತು. ದೋಆಬಿನ ಪಶ್ಚಿಮ ಭಾಗವನ್ನು ಅಲ್ಲಿಂದಲೇ ನೋಡಿಕೊಳ್ಳಲಾಗುತ್ತಿತ್ತು. ಸೇವುಣರ ಮಹಾದೇವನು ರುದ್ರಮದೇವಿಯ ಆಳ್ವಿಕೆಯ ಮೊದಲ ವರ್ಷಗಳಲ್ಲಿ ಕಾಕತೀಯರ ಮೇಲೆ ಏರಿಹೋಗಿ ಹಿಮ್ಮೆಟ್ಟಬೇಕಾಯಿತು, ಅಂದಿನಿಂದ ಎರಡೂ ಮನೆತನಗಳ ನಡುವಿನ ಗಡಿ ಅತ್ತಿತ್ತ ಜರುಗುತ್ತಲೇ ಇತ್ತು. ಪೂರ್ವದಿಂದ ಬಂದ ವಿಠ್ಠಲನಿಗೆ ಪಶ್ಚಿಮದ ಮುದಗಲ್ಲಿನ ಕಡೆಯಿಂದಲೇ ಮರುದಾಳಿಯ ಭಯ ಇರಬೇಕಾದದ್ದು ಸಹಜ. ಊರನ್ನು ಹಿಡಿದ ಬಳಿಕ ಅವನು ದೇವಾಲಯವನ್ನೋ ಕೆರೆಯನ್ನೋ ಕಟ್ಟಿಸುವ ಮುಂಚೆ ಗೋಡೆಗೆ ಕೈಹಾಕಿದ್ದು, ಅದರಲ್ಲೂ ಅತ್ಯಂತ ದೊಡ್ಡ ಕಲ್ಲನ್ನೂ ತನ್ನ ಗೆಲುವಿನ ಬರಹವನ್ನೂ ಪಡುವಣ ಮುಖದಲ್ಲೇ ಇರಿಸಿದ್ದು, ಆ ಭಯದ ಹಿನ್ನೆಲೆಯಲ್ಲಿ ನೋಡಿದಾಗ ಅಲಂಕಾರಕ್ಕಿಂತ ಎಚ್ಚರಿಕೆಯ ಮಾತಿನಂತೆ ಕಾಣುತ್ತದೆ.

ಇನ್ನು ಚಿತ್ರದ ವಿಚಾರ. ಕನ್ನಡ ನಾಡಿನಲ್ಲಿ ಯುದ್ಧದ ಚಿತ್ರವೆಂದರೆ ಸಾಮಾನ್ಯವಾಗಿ ವೀರಗಲ್ಲು. ಕಾಳಗದಲ್ಲಿ ಬಿದ್ದವನ ನೆನಪಿಗೆ ನಿಲ್ಲಿಸುವ ಆ ಕಲ್ಲಿನ ಕೆಳಪಟ್ಟಿಯಲ್ಲಿ ಕಾದಾಟ, ನಡುವೆ ವೀರನನ್ನು ಸ್ವರ್ಗಕ್ಕೆ ಕರೆದೊಯ್ಯುವ ಅಪ್ಸರೆಯರು, ಮೇಲುಪಟ್ಟಿಯಲ್ಲಿ ಶಿವಸನ್ನಿಧಿ, ಹೀಗೆ ಕ್ರಮ ಗೊತ್ತಾಗಿಬಿಟ್ಟಿದೆ. ದೋಆಬಿನ ಹಳ್ಳಿಗಳಲ್ಲಿ ಹನುಮಂತ ದೇವರ ಗುಡಿಯ ಪಕ್ಕದಲ್ಲೋ ಅಗಸೆಯ ಬಾಗಿಲಲ್ಲೋ ಅಂಥ ಕಲ್ಲುಗಳು ಇಂದಿಗೂ ಇವೆ. ರಾಯಚೂರಿನ ಗೀರುಚಿತ್ರ ಈ ಪದ್ಧತಿಗೆ ಯಾವ ರೀತಿಯಲ್ಲೂ ಸೇರುವುದಿಲ್ಲ. ನಾಲ್ಕು ಕೋಟೆಗಳನ್ನು ಗೆದ್ದೆನೆಂದು ಪಕ್ಕದಲ್ಲೇ ಬರೆಸಿಕೊಂಡವನು ಆ ಗೆಲುವುಗಳಲ್ಲಿ ಒಂದನ್ನು ಚಿತ್ರಿಸಬಹುದಾಗಿತ್ತು; ಚಿತ್ರದಲ್ಲಿರುವುದು ಕಲ್ಲು ಸಾಗಿಸುವ ಕೆಲಸ. ಬರಹದಲ್ಲಿ ಗೆದ್ದವರ ಹೆಸರು, ಚಿತ್ರದಲ್ಲಿ ದುಡಿದವರ ರೂಪ, ಹೀಗೆ ಎರಡೂ ಒಂದೇ ಗೋಡೆಯ ಮೇಲೆ ಬಂದಿರುವುದು ದಖ್ಖನಿನ ಕೋಟೆಗಳಲ್ಲಿ ಅಪರೂಪವೇ ಸರಿ.

ಆ ದುಡಿಮೆಯ ಪ್ರಮಾಣವನ್ನು ಅಂದಾಜು ಮಾಡುವುದು ಕಷ್ಟವಲ್ಲ. ಕಲ್ಲಿನ ಕಾಣುವ ಮುಖದ ಅಗಲ ಸುಮಾರು 3 ಅಡಿ. ಗೋಡೆಯ ಒಳಕ್ಕೆ ಹೋದ ದಪ್ಪವನ್ನು ಒಂದೂವರೆ ಅಡಿಯೆಂದೇ ಹಿಡಿದರೂ ಒಟ್ಟು ಗಾತ್ರ ಸುಮಾರು 185 ಘನ ಅಡಿಯಾಗುತ್ತದೆ, ಈ ಸೀಮೆಯ ಬೆಣಚುಕಲ್ಲು ಘನ ಅಡಿಗೆ 76 ಕಿಲೋ ತೂಗುವುದರಿಂದ ಕಲ್ಲಿನ ತೂಕ 14 ಟನ್ನಿಗೆ ಬರುತ್ತದೆ. ಜೋಡೆತ್ತಿನ ಸಾಮಾನ್ಯ ಬಂಡಿ ಒಂದು ಟನ್ನಿನಷ್ಟು ಹೇರನ್ನು ಎಳೆಯುತ್ತದೆಂದು ಲೆಕ್ಕ ಹಾಕಿದರೆ, ಹದಿನಾಲ್ಕು ಬಂಡಿಗಳ ಹೇರನ್ನು ಒಂದೇ ಬಂಡಿಯ ಮೇಲೆ ಇಟ್ಟಂತಾಯಿತು. ಮರದ ಅಚ್ಚಿನ ಮೇಲೆ ತಿರುಗುವ ಮರದ ಗಾಲಿ ಮಣ್ಣಿನ ದಾರಿಯಲ್ಲಿ ಭಾರದ ಹತ್ತರಲ್ಲಿ ಒಂದು ಪಾಲಿನಷ್ಟು ಎಳೆತವನ್ನಾದರೂ ಕೇಳುತ್ತದೆ. ಕೋಣಗಳ ಒಂದು ಜೋಡಿ ದಿನವಿಡೀ ಎಡೆಬಿಡದೆ ಎಳೆಯಬಲ್ಲದ್ದು ನೂರು ಕಿಲೋದಷ್ಟು ಮಾತ್ರ. ಸಮನಾದ ನೆಲದ ಮೇಲೂ ಹದಿನಾಲ್ಕು ಜೋಡಿಗಳಾದರೂ ಬೇಕು, ಏರು ಬಂದರೆ ಇನ್ನೂ ಹೆಚ್ಚು. ಚಿತ್ರದಲ್ಲಿ ಕೋಣಗಳ ಸಾಲು ಅಷ್ಟು ಉದ್ದಕ್ಕೆ ಹೋಗಿರುವುದು ಕಲೆಗಾರನ ಉತ್ಪ್ರೇಕ್ಷೆಯಲ್ಲ ಎಂದು ಈ ಲೆಕ್ಕ ತೋರಿಸುತ್ತದೆ.

ಉಳಿದ ವಿವರಗಳೂ ಕೆಲಸ ಬಲ್ಲವನ ಕಣ್ಣಿಗೆ ಬಿದ್ದಂಥವು. ಗಾಲಿಗಳಿಗೆ ಅರಗಳಿಲ್ಲದಿರುವುದು ಅಂಥ ಭಾರಕ್ಕೆ ಅರಗಳು ಮುರಿಯುತ್ತವೆಂಬ ಕಾರಣದಿಂದ; ಹಲಗೆಗಳನ್ನು ಜೋಡಿಸಿಯೋ ಒಂದೇ ದಿಮ್ಮಿಯನ್ನು ಕೊರೆದೋ ಮಾಡಿದ ಗಟ್ಟಿ ಗಾಲಿಗಳೇ ಅಲ್ಲಿಗೆ ತಕ್ಕವು. ಬಂಡಿ ತಗ್ಗಾಗಿರುವುದರಿಂದ ಕಲ್ಲನ್ನು ಅದರ ಮೇಲೆ ಏರಿಸುವ ಶ್ರಮ ಕಡಿಮೆಯಾಗುತ್ತದೆ, ದಾರಿ ಓರೆಯಾದಾಗ ಬಂಡಿ ಮಗುಚುವ ಭಯವೂ ತಗ್ಗುತ್ತದೆ. ಎತ್ತುಗಳ ಬದಲು ಕೋಣಗಳನ್ನು ಹೂಡಿರುವುದು ನಡಿಗೆಯ ವೇಗಕ್ಕಿಂತ ಎಳೆಯುವ ಬಲವೇ ಮುಖ್ಯವಾದ ಕೆಲಸವೆಂಬ ಕಾರಣಕ್ಕೆ. ಕೋಣ ಬಿಸಿಲನ್ನು ತಾಳದ, ನೀರಿಗೆ ಹಂಬಲಿಸುವ ಪ್ರಾಣಿ. ಎರೆಭೂಮಿಯ ದಾರಿ ಮಳೆಗಾಲದಲ್ಲಿ ಗಾಲಿಯನ್ನು ಅಚ್ಚಿನ ತನಕ ನುಂಗುವಂಥದ್ದು. ಆದ್ದರಿಂದ ಇಂಥ ಸಾಗಾಟ ಬೆಳೆ ಕುಯ್ದು ನೆಲ ಗಟ್ಟಿಯಾದ ಮೇಲೆ, ಕಡುಬೇಸಿಗೆ ಏರುವ ಮುನ್ನ, ತಣ್ಣಗಿನ ಹೊತ್ತಿನಲ್ಲಿ ನಡೆದಿರಬೇಕೆಂದು ಊಹಿಸುವುದು ಯುಕ್ತ. ನಿಂತ ಭಾರವನ್ನು ಮೊದಲು ಕದಲಿಸುವುದೇ ಕಷ್ಟವಾದ್ದರಿಂದ, ಎಲ್ಲ ಜೋಡಿಗಳೂ ಒಮ್ಮೆಲೇ ನೊಗಕ್ಕೆ ಹೆಗಲು ಕೊಡುವ ಗಳಿಗೆಯಲ್ಲಿ ಗಾಲಿಯ ಹಿಂದಿನಿಂದ ಸನ್ನೆಗೋಲಿನ ಒತ್ತು ಬೀಳಬೇಕು, ಅದಕ್ಕಾಗಿಯೇ ಕೂಗಿ ಹುರಿದುಂಬಿಸುವವರು ಬೇಕು. ಈ ಎರಡೂ ಬಗೆಯ ಆಳುಗಳನ್ನು ಬೇರೆಬೇರೆಯಾಗಿ ಗುರುತಿಸಿ ಬಿಡಿಸಿದವನು ಆ ಕೆಲಸವನ್ನು ಕಣ್ಣಾರೆ ಕಂಡಿದ್ದವನೇ ಇರಬೇಕು. ಬಹುಶಃ ಗೋಡೆಯ ಮೇಲೆ ಉಳಿ ಹಿಡಿದ ಕಲ್ಲುಕುಟಿಗರಲ್ಲೇ ಒಬ್ಬ.

ಭಾರೀ ಕಲ್ಲನ್ನು ಸಾಗಿಸುವ ಚಿತ್ರಗಳು ಲೋಕದಲ್ಲಿ ಬೇರೆಡೆಯೂ ಇಲ್ಲದಿಲ್ಲ. ಈಜಿಪ್ಟಿನಲ್ಲಿ ಕ್ರಿ.ಪೂ. 1900ರ ಸುಮಾರಿನ ಜೆಹುತಿಹೊತೆಪನ ಸಮಾಧಿಯ ಗೋಡೆಯಲ್ಲಿ, ನೂರಾರು ಆಳುಗಳು ಹಗ್ಗ ಹಿಡಿದು ಭಾರಿ ಮೂರ್ತಿಯನ್ನು ಜಾರುಬಂಡಿಯ ಮೇಲೆ ಎಳೆಯುತ್ತಿದ್ದಾರೆ, ಮೂರ್ತಿಯ ಪಾದದ ಬಳಿ ನಿಂತವನೊಬ್ಬ ಮುಂದಿನ ಮರಳಿಗೆ ನೀರು ಹೊಯ್ಯುತ್ತಿದ್ದಾನೆ. ಅಸ್ಸೀರಿಯದ ಸೆನ್ನಾಕೆರಿಬನ ನಿನೆವೆ ಅರಮನೆಯ ಫಲಕಗಳಲ್ಲಿ, ರೆಕ್ಕೆಯುಳ್ಳ ಗೂಳಿಯ ಮೂರ್ತಿಯನ್ನು ಸೆರೆಯಾಳುಗಳು ಎಳೆಯುವಾಗ ಹಿಂದಿನಿಂದ ದೊಡ್ಡ ಸನ್ನೆಗೋಲುಗಳು ಕೆಲಸ ಮಾಡುತ್ತವೆ. ಅವೆರಡರಲ್ಲೂ ಭಾರವಾಗಿ ಇರುವುದು ಪೂಜ್ಯವಾದ ಅಥವಾ ರಾಜವೈಭವದ ಮೂರ್ತಿ, ಎಳೆಯುವವರು ಮನುಷ್ಯರು. ರಾಯಚೂರಿನಲ್ಲಿ ಭಾರವಾಗಿರುವುದು ಕೆತ್ತನೆಯಿನ್ನೂ ಇಲ್ಲದ ಬರಿಯ ಕಲ್ಲು, ಅದನ್ನು ಎಳೆಯುವುದು ರೈತನ ಕೊಟ್ಟಿಗೆಯಿಂದ ಬಂದ ಪ್ರಾಣಿ. ಕೋಣಗಳು ಬಂದದ್ದು ಸುತ್ತಲಿನ ಹಳ್ಳಿಗಳಿಂದಲೇ ಆಗಿರಬೇಕು; ಬಿಟ್ಟಿ ದುಡಿಮೆ, ಎಂದರೆ ಅರಸನ ಕೆಲಸಕ್ಕೆ ಕೂಲಿಯಿಲ್ಲದೆ ಆಳು, ಎತ್ತು, ಬಂಡಿ ಒದಗಿಸುವ ಕಡ್ಡಾಯ, ಮಧ್ಯಕಾಲದ ಕನ್ನಡ ಮತ್ತು ತೆಲುಗು ಶಾಸನಗಳಿಗೆ ಪರಿಚಿತವಾದ ಹೊರೆಯೇ.

ಇಷ್ಟು ದೊಡ್ಡ ಕಲ್ಲು ಏಕೆ ಬೇಕಾಯಿತು ಎಂಬ ಪ್ರಶ್ನೆಗೆ ಆಡಂಬರ ಎಂಬ ಉತ್ತರ ಅರ್ಧ ಮಾತ್ರ ನಿಜ. ರಾಯಚೂರಿನ ಒಳಸುತ್ತನ್ನು ಚೆನ್ನಾಗಿ ಒಪ್ಪ ಮಾಡಿದ ಭಾರಿ ಕಲ್ಲುಗಳಿಂದ, ಸುಣ್ಣದ ಗಾರೆಯನ್ನು ಬಳಸದೆ, ಒಂದರ ಮೇಲೊಂದು ಕೂಡಿಸಿ ಕಟ್ಟಲಾಗಿದೆ. ಗೋಡೆಯ ಒಳಗೆ ಮಣ್ಣು ತುಂಬಿದೆ. ಗಾರೆಯಿಲ್ಲದ ಗೋಡೆಯನ್ನು ಹಿಡಿದು ನಿಲ್ಲಿಸುವುದು ಕಲ್ಲುಗಳ ತೂಕ ಮತ್ತು ಒಂದಕ್ಕೊಂದು ಕಚ್ಚಿಕೊಂಡ ಒಪ್ಪ. ಒಳಗಿನ ಮಣ್ಣು ಹೊರಕ್ಕೆ ಒತ್ತಿದಷ್ಟೂ ಆ ತೂಕ ಹೆಚ್ಚಾಗಿ ಬೇಕು. ತೋಪಿನ ಮದ್ದು ಇನ್ನೂ ಬಾರದ ಆ ಕಾಲದಲ್ಲಿ ಕೋಟೆಗೆ ಇದ್ದ ಅಪಾಯ ಏಣಿ, ಆನೆ, ಬೆಂಕಿ, ಎಲ್ಲಕ್ಕಿಂತ ಹೆಚ್ಚಾಗಿ ಹಾರೆ ಹಿಡಿದು ಗೋಡೆಯ ಬುಡಕ್ಕೆ ನುಗ್ಗುವ ಆಳು. ಹಾರೆಯ ತುದಿ ತೂರುವುದು ಎರಡು ಕಲ್ಲುಗಳ ನಡುವಿನ ಸಂದಿಗೆ. ಹತ್ತು ಕಲ್ಲುಗಳಿರಬೇಕಾದಲ್ಲಿ ಒಂದೇ ಕಲ್ಲಿದ್ದರೆ ಅಲ್ಲಿ ಸಂದಿಯೇ ಇಲ್ಲ, ಹದಿನಾಲ್ಕು ಟನ್ನಿನ ಕಲ್ಲನ್ನು ಹಾರೆಯಿಂದ ಮೀಟಿ ತೆಗೆಯುವ ಮಾತೂ ಇಲ್ಲ. ಅದನ್ನು ಅಲ್ಲಿಗೆ ತಂದ ಬಗೆಯನ್ನು ಎಲ್ಲರೂ ನೋಡುವಂತೆ ಗೋಡೆಯ ಮೇಲೆ ಬಿಡಿಸುವುದೆಂದರೆ, ಅದನ್ನು ಕೀಳಲು ಎಷ್ಟು ಕೋಣಗಳು ಬೇಕೆಂದು ಹೊರಗೆ ನಿಂತವನಿಗೆ ಹೇಳಿದಂತೆಯೇ.

ವಿಠ್ಠಲನ ಗೋಡೆ ಸೇವುಣರ ಎದುರು ಎದ್ದಿತ್ತು. ಆದರೆ ಅದು ಎದ್ದ ಎರಡೇ ವರ್ಷಗಳಲ್ಲಿ, 1296ರಲ್ಲಿ, ದೆಹಲಿಯ ಖಿಲ್ಜಿ ಮನೆತನದ ಅಲಾವುದ್ದೀನನು ದೇವಗಿರಿಯ ಮೇಲೆ ಬಿದ್ದು ಸೇವುಣರ ಬೆನ್ನುಮೂಳೆ ಮುರಿದನು, 1323ರಲ್ಲಿ ಓರುಗಲ್ಲೂ ದೆಹಲಿಯ ಪಾಲಾಯಿತು. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದ ಮೇಲೆ ದೋಆಬು ಬಹಮನಿಗೂ ವಿಜಯನಗರಕ್ಕೂ ನಡುವಿನ ಕಲಹದ ನೆಲವಾಗಿ, ರಾಯಚೂರು ಮತ್ತು ಮುದಗಲ್ಲು ಕೋಟೆಗಳು ಕೈಯಿಂದ ಕೈಗೆ ಹೋದವು. ಬಿಜಾಪುರದಲ್ಲಿ ಕುಳಿತು 17ನೆಯ ಶತಮಾನದ ಮೊದಲಲ್ಲಿ ಬರೆದ ಫಿರಿಸ್ತಾ ಈ ಯುದ್ಧಗಳಲ್ಲೊಂದಕ್ಕೆ ಮುದಗಲ್ಲಿನ ಅಕ್ಕಸಾಲಿಗನ ಚೆಲುವೆ ಮಗಳೇ ಕಾರಣವೆಂದು ಕಥೆ ಕಟ್ಟಿದ್ದಾನೆ: ಅವಳಿಗಾಗಿ ವಿಜಯನಗರದ ಒಂದನೆಯ ದೇವರಾಯ ದಂಡು ಕಳಿಸಿದನಂತೆ, ಅದರಿಂದ ಬಹಮನಿ ಸುಲ್ತಾನ ಫಿರೋಜ್ ಶಾಹನೊಡನೆ ಯುದ್ಧ ಹತ್ತಿತಂತೆ. ಕಥೆ ರಸವತ್ತಾಗಿದೆ, ಆದ್ದರಿಂದಲೇ ಪಠ್ಯಪುಸ್ತಕಗಳ ತನಕ ಬಂದಿದೆ. ಚಿನ್ನ, ಜೋಳ, ಹೊಳೆ ದಾಟುವ ಕಡವುಗಳು, ಕಲ್ಲಿನ ಗುಡ್ಡಗಳು ಇಷ್ಟೆಲ್ಲ ಇದ್ದ ನೆಲಕ್ಕಾಗಿ ಎರಡು ರಾಜ್ಯಗಳು ಕಾದಾಡಲು ಒಬ್ಬ ಹುಡುಗಿಯ ನೆವ ಬೇಕಾಗಿರಲಿಲ್ಲ.

ರಾಯಚೂರಿನ ಗೋಡೆಯ ಬಗೆಗೆ ಕಣ್ಣಿಗೆ ಕಟ್ಟುವಂಥ ಇನ್ನೊಂದು ದಾಖಲೆ ಸಿಗುವುದು 226 ವರ್ಷಗಳ ಬಳಿಕದ ಯುದ್ಧವೊಂದರ ವರ್ಣನೆಯಲ್ಲಿ, ಅದೂ ಪೋರ್ಚುಗೀಸ್ ಭಾಷೆಯಲ್ಲಿ. ಕುದುರೆ ವ್ಯಾಪಾರಿಯಾಗಿ ವಿಜಯನಗರದಲ್ಲಿದ್ದ ಫೆರ್ನಾವೊ ನೂನಿಜ್ ಬರೆದಿಟ್ಟ ಚರಿತ್ರೆ ಪ್ಯಾರಿಸಿನ ಗ್ರಂಥಾಲಯದಲ್ಲಿ ಶತಮಾನಗಳ ಕಾಲ ಬಿದ್ದಿದ್ದು, 1897ರಲ್ಲಿ ದಾವಿದ್ ಲೋಪೆಸ್ ಅದನ್ನು ಅಚ್ಚು ಹಾಕಿಸಿದ ಮೇಲೆ ಹೊರಬಂದಿತು. 1900ರಲ್ಲಿ ರಾಬರ್ಟ್ ಸಿವೆಲ್ ತನ್ನ ವಿಜಯನಗರದ ಇತಿಹಾಸದಲ್ಲಿ ಅದನ್ನು ಇಂಗ್ಲಿಷಿಗೆ ತಂದನು. ಗೋವೆಯಿಂದ ಕುದುರೆ ತರಲೆಂದು ವಿಜಯನಗರದ ಅರಸ ಕೃಷ್ಣದೇವರಾಯ 40,000 ವರಾಹ ಕೊಟ್ಟು ಕಳಿಸಿದವನು ಹಣದೊಡನೆ, ಆಗ ರಾಯಚೂರನ್ನು ಹಿಡಿದಿದ್ದ ಬಿಜಾಪುರದ ಸುಲ್ತಾನ ಆದಿಲ್ ಶಾಹನ ಆಶ್ರಯಕ್ಕೆ ಓಡಿಹೋದದ್ದು 1520ರ ಯುದ್ಧಕ್ಕೆ ನೆವವಾಯಿತೆಂದು ನೂನಿಜ್ ಹೇಳುತ್ತಾನೆ. ದಂಡಿನ ಸಂಖ್ಯೆಯನ್ನು ಅವನು ಏಳು ಲಕ್ಷ ಕಾಲಾಳು, 32,600 ಕುದುರೆ, 551 ಆನೆ ಎಂದು ಕೊಡುತ್ತಾನೆ. ಏಳು ಲಕ್ಷವನ್ನು ಇದ್ದಹಾಗೆ ನಂಬಬೇಕಾಗಿಲ್ಲ. ಆದರೆ ಅವನು ಹೇಳುವ ಸಣ್ಣ ವಿವರಗಳು ನಂಬತಕ್ಕವು: ಬಾಯಾರಿ ಯಾರೂ ಸಾಯದಿರಲೆಂದು ದಾರಿಯುದ್ದಕ್ಕೂ ನಿಲ್ಲಿಸಿದ 12,000 ನೀರಿನ ತೊಗಲುಚೀಲದವರು, ಮೊದಲು ಬಂದವರಿಗೆ ಅರ್ಧ ಮೊಳಕಾಲು ನೀರಿದ್ದು, ಅರ್ಧ ದಂಡು ದಾಟುವುದರೊಳಗೆ ತೊಟ್ಟೂ ಉಳಿಯದೆ, ಹಿಂದಿನವರು ಮರಳಿನಲ್ಲಿ ಒರತೆ ತೋಡಬೇಕಾಗಿ ಬಂದ ಹಳ್ಳ. ಹಂಪೆಯಿಂದ ರಾಯಚೂರಿಗೆ ಇಂದು ಗಂಗಾವತಿ, ಸಿಂಧನೂರು, ಮಾನ್ವಿಗಳ ಮೇಲೆ ಹೋಗುವವರಿಗೆ ಬೇಸಿಗೆಯಲ್ಲಿ ಬತ್ತಿದ ಹಳ್ಳಗಳಲ್ಲಿ ಒರತೆ ತೋಡುವುದೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ರಾಯಚೂರಿಗೆ ಗಾರೆಯಿಲ್ಲದೆ ಭಾರಿ ಕಲ್ಲುಗಳಿಂದ ಕಟ್ಟಿ ಒಳಗೆ ಮಣ್ಣು ತುಂಬಿದ ಮೂರು ಸುತ್ತು ಗೋಡೆಗಳಿವೆ ಎನ್ನುವಾಗ ನೂನಿಜನು ವಿಠ್ಠಲನ ಕಾಲದ ಕಟ್ಟಡದ ರೀತಿಯನ್ನೇ ವರ್ಣಿಸುತ್ತಾನೆ. ಒಳಗೆ ಆದಿಲ್ ಶಾಹಿಗಳ ಇನ್ನೂರು ದೊಡ್ಡ ತೋಪುಗಳಿದ್ದವು. ಮುತ್ತಿದವರು ಅಂಥ ತೋಪುಗಳನ್ನು ನೆಚ್ಚಿಕೊಳ್ಳಲಿಲ್ಲ. ಅವರು ಹಿಡಿದದ್ದು ಹಾರೆ ಮತ್ತು ಗುದ್ದಲಿ. ಮೇಲಿನಿಂದ ಕಲ್ಲು, ಬಾಣ, ಗುಂಡು ಸುರಿಯುತ್ತಿದ್ದರಿಂದ ಗೋಡೆಯ ಬುಡಕ್ಕೆ ಹೋಗಲು ಆಳುಗಳು ಅಂಜಿದಾಗ, ನಾಯಕರು ಅವರು ಕಿತ್ತು ತಂದ ಕಲ್ಲುಗಳನ್ನು ಕೊಂಡುಕೊಳ್ಳತೊಡಗಿದರು. ಕಲ್ಲಿನ ಗಾತ್ರಕ್ಕೆ ತಕ್ಕಂತೆ 10, 20, 30, 40, 50 ಪಣ ಕೊಡಲಾಯಿತು. ಪಣವೆಂದರೆ ಆಗಿನ ಸಣ್ಣ ಚಿನ್ನದ ನಾಣ್ಯ. ಹಣದ ಆಸೆಗೆ ಆಳುಗಳು ಮುನ್ನುಗ್ಗಿ ಗೋಡೆಯನ್ನು ಹಲವೆಡೆ ನೆಲಕ್ಕೆ ತಂದರು. ಗೋಡೆಯನ್ನು ಕಟ್ಟಿದವನು ಎದುರಿಸಬಯಸಿದ್ದ ಅಪಾಯವೇ ಇಲ್ಲಿ ನಿಜವಾಯಿತು. ವ್ಯತ್ಯಾಸವೆಂದರೆ 1294ರ ಚಿತ್ರದಲ್ಲಿ ಕಲ್ಲು ಮುಟ್ಟಿದವರ ಕೂಲಿ ಕಾಣುವುದಿಲ್ಲ, 1520ರ ಯುದ್ಧದ ಬರಹದಲ್ಲಿ ಒಂದೊಂದು ಕಲ್ಲಿಗೂ ದರ ನಿಗದಿಯಾಗಿದೆ. ಆ ದರದ ಪಟ್ಟಿ ಐವತ್ತಕ್ಕೆ ನಿಂತುಬಿಟ್ಟಿದೆ ಎಂಬುದನ್ನೂ ಗಮನಿಸಬೇಕು. ಒಬ್ಬಿಬ್ಬರು ಆಳುಗಳು ಹೊತ್ತು ತರಬಹುದಾದ ಕಲ್ಲುಗಳಿಗಷ್ಟೇ ಅದು ಅನ್ವಯಿಸುವಂಥದ್ದು.

ಮೂರು ತಿಂಗಳ ಮುತ್ತಿಗೆಯ ನಂತರ ಇಸ್ಮಾಯಿಲ್ ಆದಿಲ್ ಶಾಹನು ಕೃಷ್ಣೆಯನ್ನು ದಾಟಿ ಬಂದು 1520ರ ಮೇ ತಿಂಗಳಲ್ಲಿ ಸೋತು ಹಿಂತಿರುಗಿದನು. ಬಳಿಕ ಕೃಷ್ಣದೇವರಾಯ ಮತ್ತೆ ಕೋಟೆಯ ಮುಂದೆ ಬಂದಾಗ ಅವನ ಪಾಳೆಯದಲ್ಲಿ ಕ್ರಿಸ್ತೊವಾವೊ ದ ಫಿಗುಯರೇದೊ ಎಂಬವನು ಇಪ್ಪತ್ತು ಮಂದಿ ಪೋರ್ಚುಗೀಸರೊಡನೆ ಇದ್ದನು. ಹಾರೆಯವರನ್ನು ತಡೆಯಲು ಒಳಗಿನವರು ತೆನೆಗಳ ಮೇಲಿಂದ ಹೊರಕ್ಕೆ ಬಾಗಬೇಕಾಗುತ್ತಿತ್ತು. ಬಾಗಿದ ತಲೆಗಳಿಗೆ ಫಿಗುಯರೇದೊನ ಕೋವಿಗಳು ಗುರಿಯಿಟ್ಟವು, ಕೆಳಗೆ ಹಾರೆಗಳು ಅಡ್ಡಿಯಿಲ್ಲದೆ ನಡೆದವು. ಕೋಟೆಯ ಅಧಿಕಾರಿಯೇ ಹೀಗೆ ಹೊರಗಿಣುಕಿ ಹಣೆಗೆ ಗುಂಡು ತಗುಲಿ ಸತ್ತ ಮೇಲೆ ಊರು ಶರಣಾಯಿತು. ಈ ಯುದ್ಧವನ್ನು ಪರಿಶೀಲಿಸಿದ ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗನರ್ ರಾಯಚೂರಿನ ಅಗಸೆಗಳನ್ನು ಕುರಿತು 2014ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಬರೆದು, ಗೆದ್ದ ಬಳಿಕ ಕೃಷ್ಣದೇವರಾಯ ಬಡಗಣ ಬಾಗಿಲನ್ನು ಹೊಸದಾಗಿ ಸಜ್ಜುಗೊಳಿಸಿದ್ದನ್ನು ತೋರಿಸಿದ್ದಾರೆ. 41 ಅಡಿಯ ಕಲ್ಲಿನ ತಂಟೆಗೆ ಹೊಸ ಒಡೆಯನೂ ಹೋಗಲಿಲ್ಲ, ಅದರ ಮೇಲಿನ ಕಾಕತೀಯ ಬರಹವನ್ನು ಅಳಿಸಲೂ ಇಲ್ಲ.

ಕೃಷ್ಣದೇವರಾಯನು 1529ರಲ್ಲಿ ತೀರಿಕೊಂಡ ಬೆನ್ನಲ್ಲೇ ಆದಿಲ್ ಶಾಹಿಗಳು ರಾಯಚೂರನ್ನೂ ಮುದಗಲ್ಲನ್ನೂ ಮರಳಿ ಪಡೆದರು, ಹಾರೆ ಮತ್ತು ಕೋವಿಗಳು ಕೂಡಿ ಮಾಡಿದ ಕೆಲಸದಿಂದ ಪಾಠವನ್ನೂ ಕಲಿತರು. ಇಬ್ರಾಹೀಮ್ ಆದಿಲ್ ಶಾಹನ ಕಾಲಕ್ಕೆ, 16ನೆಯ ಶತಮಾನದ ನಡುವಿನಲ್ಲಿ, ಒಳಸುತ್ತಿನ ಹೊರಗೆ ಇನ್ನೊಂದು ಸುತ್ತುಗೋಡೆ ನಿಂತಿತು. ಅದರಲ್ಲಿ ಬಳಸಿದ ಕಲ್ಲುಗಳು ಒರಟು, ಗಾತ್ರದಲ್ಲೂ ಸಣ್ಣವು. ಅದರ ಬಲವಿದ್ದದ್ದು ಅಗಲವಾದ ಅಗಳಿನಲ್ಲಿ, ಎಂದರೆ ಗೋಡೆಯ ಮುಂದೆ ತೋಡಿ ನೀರು ನಿಲ್ಲಿಸಿದ ಕಂದಕದಲ್ಲಿ, ಮತ್ತು ತೋಪುಗಳನ್ನು ಕೂಡಿಸಲು ಮುಂದಕ್ಕೆ ಚಾಚಿ ಕಟ್ಟಿದ ಕೊತ್ತಳಗಳಲ್ಲಿ. ಕೊತ್ತಳದಿಂದ ಪಕ್ಕಕ್ಕೆ ಗುಂಡು ಹಾರಿಸಿದರೆ ಗೋಡೆಯ ಬುಡದಲ್ಲಿ ಹಾರೆ ಹಿಡಿದವನು ನೇರವಾಗಿ ಗುರಿಗೆ ಸಿಗುತ್ತಾನೆ, ಮೇಲಿನವನು ತಲೆ ಹೊರಹಾಕಿ ಬಾಗಬೇಕಾಗಿಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲೂ ಅಗಲವಾದ ಅಗಳು, ಗುಂಡಾದ ಕೊತ್ತಳಗಳು ಇದೇ ಲೆಕ್ಕಾಚಾರವನ್ನು ತೋರಿಸುತ್ತವೆ. ಸಂದಿಯಿಲ್ಲದ ಒಂದೇ ಕಲ್ಲಿಗಾಗಿ ಹಳ್ಳಿಗಳ ಕೋಣಗಳನ್ನೆಲ್ಲ ಕೂಡಿಸುವ ಅಗತ್ಯ ಹೊಸ ಕೋಟೆಯ ಕೆಲಸಕ್ಕೆ ಇರಲಿಲ್ಲ. ಕೊತ್ತಳಗಳ ಮೇಲಕ್ಕೆ ಕಬ್ಬಿಣದ ಮತ್ತು ಕಂಚಿನ ತೋಪುಗಳನ್ನು ಎಳೆದೊಯ್ಯಲು ಮಾತ್ರ ಅದೇ ಕೋಣಗಳು, ಅದೇ ಸನ್ನೆಗೋಲುಗಳು ಮತ್ತೆ ಬೇಕಾದವು.